ಲಗ್ನದಾಗ ಕರೀ ಬಣ್ಣ

ನನ್ನ ಫೋನಿನಲ್ಲಿ 'ಲಗ್ನ' ಅಂತ ಒಂದು ಫೋಲ್ಡರ್ ಇತ್ತು. ಅದರಲ್ಲಿ 412 ಫೋಟೋ. ನಿಶ್ಚಯ ಆದ ರಾತ್ರಿಯಿಂದಲೇ ಕೂಡಿಹಾಕೋಕೆ ಶುರು ಮಾಡಿದ್ದೆ. ಹಾಲುಬಣ್ಣದ ಪರದೆ, ತಿಳಿ ಗುಲಾಬಿ ಹೂವು, ಕೆರೆ ದಂಡೆಯ ಮಂಟಪ, ಮಂಜಿನಲ್ಲಿ ನಿಂತ ಮದುಮಗಳು. ಒಂದು ದಿನ ನಮ್ಮ ವೈನಿ (ಅಣ್ಣನ ಹೆಂಡತಿ) ಫೋನು ಇಸಿದುಕೊಂಡು, ಒಂದೊಂದನ್ನೂ ಬೆರಳಿನಿಂದ ತಳ್ಳುತ್ತಾ ಎಲ್ಲ ನೋಡಿದರು. ಆಮೇಲೆ ಒಂದೇ ಮಾತು ಕೇಳಿದರು.

"ಇದ್ರಾಗ ನಮ್ಮ ಗುಲ್ಬರ್ಗಾ ಎಲ್ಲದ?"

(ಊರಿನ ಹೆಸರು ಕಲಬುರಗಿ ಅಂತ 2014ರ ನವೆಂಬರ್ 1ರಿಂದಲೇ ಆಗಿದೆ. ನಮ್ಮ ಮನೆಯಲ್ಲಿ ಮಾತ್ರ ಇನ್ನೂ ಆಗಿಲ್ಲ.)

ಲಗ್ನ ಇದ್ದದ್ದು ಮೇ ಎರಡನೇ ವಾರ. ನಮ್ಮ ಕಡೆ ಮೇ ತಿಂಗಳಲ್ಲಿ 42 ಡಿಗ್ರಿ ಅಂದ್ರೆ "ಇವತ್ತ ಜರಾ ತಂಪದ" ಅಂತಾರೆ. ಮಂಜು ಎಲ್ಲಿಂದ ತರೋದು? ಆದರೆ ಅಣ್ಣನಿಗೆ ರಜೆ ಸಿಗೋದು ಆಗಲೇ, ಮುಹೂರ್ತ ಕೂಡಿ ಬಂದದ್ದೂ ಆಗಲೇ, ಎಲ್ಲಕ್ಕಿಂತ ಜಾಸ್ತಿ ಅಂದ್ರೆ ಕಲ್ಯಾಣ ಮಂಟಪ ಖಾಲಿ ಸಿಕ್ಕಿದ್ದು ಆಗಲೇ. ಅಪ್ಪ ಮೊದಲು ಮಂಟಪ ಬುಕ್ ಮಾಡಿ, ಆಮೇಲೆ ನನ್ನನ್ನ ಕೇಳಿದರು.

ಇಷ್ಟಾದರೂ ನನಗೆ ಒಂದು ಆಸೆ ಇತ್ತು. ಲಗ್ನ ಹಳೇ ಪದ್ಧತಿಯದ್ದೇ ಇರಲಿ, ಸುರಗಿ (ನೀರು ಹಾಕೋ ಶಾಸ್ತ್ರ), ಅಕ್ಕಿಕಾಳು (ಅಕ್ಷತೆ), ಬಾಸಿಂಗ ಎಲ್ಲ ಇರಲಿ. ಆದರೆ ನೋಡಿದವರಿಗೆ ಇದು ಇವಳದ್ದೇ ಅನ್ನಿಸಬೇಕು, ಡೆಕೋರೇಟರ್ ಆಲ್ಬಮ್‌ನ 14ನೇ ಪುಟ ಅನ್ನಿಸಬಾರದು.

ಮೊದಲ ಪೆಟ್ಟು ಬಿದ್ದದ್ದು ಮೇಕಪ್ ಟ್ರಯಲ್ ದಿನ. ಊರಲ್ಲಿ ಒಳ್ಳೆ ಹೆಸರಿರೋ ಪಾರ್ಲರ್. ಒಂದೂವರೆ ತಾಸು ಕಣ್ಣು ಮುಚ್ಚಿ ಕೂತೆ. ಕಣ್ಣು ಬಿಟ್ಟರೆ ಕುತ್ತಿಗೆಯಿಂದ ಕೆಳಗೆ ನಾನು, ಮೇಲೆ ಬೇರೆ ಯಾರೋ. ನಾನು ಕಪ್ಪು. ಎಣ್ಣೆಗಪ್ಪು, ಗೋಧಿ ಬಣ್ಣ ಅಂತೆಲ್ಲ ಸುತ್ತಿ ಬಳಸಿ ಹೇಳೋದು ಬೇಡ, ಕಪ್ಪೇ. "ಕ್ಯಾಮೆರಾದಾಗ ಡಲ್ ಬರ್ತೀರಿ ಮೇಡಂ, ಎರಡು ಶೇಡ್ ಏರಸಲೇಬೇಕು" ಅಂದಳು ಆ ಹುಡುಗಿ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅವ್ವನ ಮುಖದಲ್ಲಿ ಒಂದು ಖುಷಿ ಕಂಡಿತು ನೋಡಿ, ಅದಕ್ಕೆ ಬಂತು. ಮನೆಗೆ ಬಂದು ಮೂರು ಸಲ ಸೋಪು ಹಚ್ಚಿ ಮುಖ ತೊಳೆದೆ. ನೀರು ಹಾಲಿನ ಹಾಗೆ ಹರಿಯಿತು.

ಆ ರಾತ್ರಿ ಊಟ ಸೇರಲಿಲ್ಲ. ಆಯಿ, ಅಂದ್ರೆ ನಮ್ಮ ಅಜ್ಜಿ, ನನ್ನನ್ನ ತನ್ನ ಖೋಲಿಗೆ ಕರೆದು, ಮಂಚದ ಕೆಳಗಿನ ಟ್ರಂಕ್ ಎಳೆ ಅಂದಳು. ಒಣಗಿದ ಬೇವಿನ ಎಲೆ, ನ್ಯಾಫ್ತಲೀನ್ ಗುಳಿಗೆ, ಅಜ್ಜನ ಒಂದು ಕೋಟು. ತಳದಲ್ಲಿ ಬಿಳಿ ಪಂಚೆಯಲ್ಲಿ ಸುತ್ತಿಟ್ಟ ಒಂದು ಸೀರೆ.

ಕಪ್ಪು ರೇಷ್ಮೆ. ಮೈತುಂಬ ಕಸೂತಿ.

"ಚಂದ್ರಕಾಳಿ" ಅಂದಳು ಆಯಿ. "ನನ್ನ ಲಗ್ನದಾಗ ನಮ್ಮವ್ವ ಕೊಟ್ಟಿದ್ದು. ಆಗ ಮದಿಮಗಳ ಕಡೆ ಇದೊಂದು ಇರಲೇಬೇಕಿತ್ತು."

ಹಿಂದಿನ ಕಾಲದಲ್ಲಿ ನಮ್ಮ ಕಡೆ ಮದುಮಗಳ ಹತ್ತಿರ ಕಸೂತಿ ಹಾಕಿದ ಕಪ್ಪು ರೇಷ್ಮೆ ಸೀರೆ ಇರೋದು ಪದ್ಧತಿ ಅಂತ ಎಲ್ಲೋ ಓದಿದ್ದೆ. ಕೈಯಲ್ಲಿ ಹಿಡಿದದ್ದು ಅವತ್ತೇ. ಟ್ಯೂಬ್‌ಲೈಟ್ ಕೆಳಗೆ ಹರವಿ ನೋಡಿದೆವು. ಗೋಪುರ, ತೇರು, ತುಳಸಿಕಟ್ಟೆ, ನವಿಲು. ಕೆಂಪು, ಹಸಿರು, ಕಿತ್ತಳೆ, ನಡುನಡುವೆ ಬಿಳಿ ದಾರ. ಗವಂತಿ ಹೊಲಿಗೆಯ ಒಂದು ಗೋಪುರವನ್ನ ತಿರುಗಿಸಿ ನೋಡಿದರೆ ಹಿಂದೆಯೂ ಅದೇ ಗೋಪುರ. ಯಾವುದು ಮುಂದಿನ ಮಗ್ಗಲು, ಯಾವುದು ಹಿಂದಿನದು ಅಂತ ಗೊತ್ತೇ ಆಗಲ್ಲ, ಒಂದು ಗಂಟೂ ಇಲ್ಲ. ಬಟ್ಟೆ ಮೇಲೆ ಗೆರೆ ಬರೆದುಕೊಳ್ಳದೆ, ಬರೀ ಎಳೆ ಎಣಿಸಿ ಹೊಲಿದದ್ದು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತೆ. ಒಂದು ತೇರಿನ ಗಾಲಿ ಮಾತ್ರ ಸೊಟ್ಟ ಇತ್ತು. "ಅದು ನಂದು" ಅಂದಳು ಆಯಿ. "ನಮ್ಮವ್ವ ಬಿಚ್ಚು ಅಂದ್ಲು, ನಾ ಬಿಚ್ಚಲಿಲ್ಲ."

ಉಡೋ ಸ್ಥಿತಿಯಲ್ಲಿ ಮಾತ್ರ ಇರಲಿಲ್ಲ. ಮಡಿಕೆ ಬಿದ್ದ ಕಡೆಯೆಲ್ಲ ರೇಷ್ಮೆ ಸೀಳಿತ್ತು. ಹಿಡಿದರೆ ಹಪ್ಪಳದ ಹಾಗೆ ಮುರಿಯುತ್ತೇನೋ ಅನ್ನೋ ಹಾಗಿತ್ತು.

ನನ್ನ ತಲೆಯಲ್ಲಿ ಆಗಲೇ ಒಂದು ಹುಳ ಹೊಕ್ಕಿತ್ತು. ಮರುದಿನ ಚಹಾ ಹೊತ್ತಿಗೆ ಎಲ್ಲರ ಮುಂದೆ ಹೇಳಿಬಿಟ್ಟೆ: ಸಂಜೆ ರಿಸೆಪ್ಷನ್‌ಗೆ ನಾನು ಕಪ್ಪು ಸೀರೆ ಉಡ್ತೀನಿ.

ಕಾಕು (ಚಿಕ್ಕಮ್ಮ) ಚಹಾದ ಕಪ್-ಬಸಿ ಕೆಳಗಿಟ್ಟರು. "ಲಗ್ನದಾಗ ಕರೀ ಬಣ್ಣ ಯಾರರ ಉಡ್ತಾರೇನ? ಬೀಗರು ಏನಂದಾರು?" ಅವ್ವನದೂ ಅದೇ ರಾಗ. ಅಪ್ಪ ಪೇಪರ್ ಹಿಂದೆ ಅಡಗಿದರು. ಹದಿನೈದು ನಿಮಿಷ ಗದ್ದಲ. ಕಡೆಗೆ ಆಯಿ ಮೂಲೆಯಿಂದ ಕೇಳಿದಳು, "ತಾಳಿಯೊಳಗ ಪೋಣಸ್ತೀರಲ್ಲ, ಆ ಮಣಿ ಯಾವ ಬಣ್ಣದವಾ?"

ಯಾರೂ ಮಾತಾಡಲಿಲ್ಲ. ಕಾಕು ಬಸಿ ಎತ್ತಿಕೊಂಡು ಚಹಾ ಕುಡಿದರು. ಬೆಳಗ್ಗೆ ಅಕ್ಕಿಕಾಳಿಗೆ ಕೆಂಪು-ಹಸಿರು, ಸಂಜೆ ನಾನು ಹೇಳಿದ್ದು ಅಂತ ತೀರ್ಮಾನ ಆಯ್ತು. ಭಾಲ್ಕಿಯ ಬೀಗರಿಗೆ ಫೋನ್ ಮಾಡಿದ್ದು ಅಪ್ಪ. "ನಿಮ್ಮ ಹುಡುಗಿ ಹೆಂಗ ಅಂತಾಳ ಹಂಗೇ ಆಗ್ಲಿ ಬಿಡ್ರಿ" ಅಂದರಂತೆ ನಮ್ಮತ್ತಿ. ಆ 'ಬಿಡ್ರಿ'ಯ ಅರ್ಥ ಏನು ಅಂತ ನಾವು ಎರಡು ದಿನ ಚರ್ಚೆ ಮಾಡಿದೆವು.

ಹೊಸ ಸೀರೆ ಸಿಗೋದು ಕಷ್ಟ ಆಗಲಿಲ್ಲ. ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯವರು ಇಳಕಲ್‌ನಿಂದ ತರಿಸಿಕೊಟ್ಟರು. ಕಪ್ಪು ಒಡಲು, ಕೆಂಪು ದಡಿ, ಕೆಂಪು ಸೆರಗಿನ ಮೇಲೆ ತೋಪು ತೆನೆ ಅನ್ನೋ ಬಿಳಿ ವಿನ್ಯಾಸ. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಜೋಡಣೆ ಎಲ್ಲಿದೆ ಅಂತ ಬೆರಳಲ್ಲಿ ಹುಡುಕಿದೆ, ಸಿಗಲೇ ಇಲ್ಲ. ಕುಪ್ಪಸಕ್ಕೆ ಮಾತ್ರ ಆಯಿಯ ಸೀರೆ ಬೇಕು ಅಂತ ನನ್ನ ಹಟ. ಕೇಳೋಕೆ ಬಾಯಿ ಬರಲಿಲ್ಲ. ಅವಳೇ ಒಂದಿನ ಕತ್ತರಿ ತಂದು ಮುಂದಿಟ್ಟಳು. ಗಟ್ಟಿ ಇದ್ದ ಕಡೆ ನೋಡಿ ಎರಡು ಗೋಪುರ ತೋಳಿಗೆ, ಒಂದು ತೇರು ಬೆನ್ನಿಗೆ. ಯಾವ ತೇರು ಅಂತ ಹೇಳಬೇಕಾಗಿಲ್ಲ ಅಲ್ವಾ. ಟೇಲರ್ ಒಳಗೆ ತೆಳ್ಳನೆ ಹತ್ತಿ ಬಟ್ಟೆ ಕೊಟ್ಟು ಹೊಲಿದ, ಆದರೂ "ಕೈ ಮ್ಯಾಲ ಜಾಸ್ತಿ ಎತ್ತಬ್ಯಾಡ್ರಿ" ಅಂತ ಮೂರು ಸಲ ಹೇಳಿ ಕಳಿಸಿದ.

ಇನ್ನು ಬಿದರಿಯ ವಿಷಯ, ಅಂದ್ರೆ ಬೀದರಿನ ಲೋಹದ ಕುಸುರಿ ಕೆಲಸ. ಇದನ್ನ ಸ್ವಲ್ಪ ಉದ್ದಕ್ಕೆ ಬರೀತೀನಿ, ಇಡೀ ತಯಾರಿಯಲ್ಲಿ ನನಗೆ ಖುಷಿ ಕೊಟ್ಟದ್ದು ಇದೇ.

ಉಡಿ ತುಂಬಿಸಿಕೊಳ್ಳೋ ಹೆಣ್ಮಕ್ಕಳಿಗೆ ನಮ್ಮಲ್ಲಿ ಬ್ಲೌಸ್ ಪೀಸು, ಸ್ಟೀಲ್ ಡಬ್ಬಿ ಕೊಡೋದು ರೂಢಿ. ಎಲ್ಲರ ಮನೆಯಲ್ಲೂ ಅಂಥ 30 ಡಬ್ಬಿ ಬಿದ್ದಿವೆ. ನಾನು ಕೊಡೋದಾದರೆ ಬಿದರಿಯ ಕುಂಕುಮದ ಡಬ್ಬಿ ಕೊಡಬೇಕು, ಮುಚ್ಚಳದ ಮೇಲೆ ಆಯಿಯ ಸೀರೆಯ ಗೋಪುರ ಇರಬೇಕು ಅಂತ ಅಂದುಕೊಂಡೆ. ಮಾರ್ಚ್ ತಿಂಗಳ ಒಂದು ಶನಿವಾರ, ಸೀರೆಯ ಒಂದು ತುಂಡು ಪರ್ಸಿನಲ್ಲಿಟ್ಟುಕೊಂಡು ವೈನಿ ಜೊತೆ ಬೀದರ್ ರೈಲು ಹತ್ತಿದೆ. ಈ ರೈಲು ದಾರಿ ಶುರು ಆಗಿದ್ದು 2017ರಲ್ಲಿ. ಅದಕ್ಕೆ ಮುಂಚೆ ಬೀದರ್ ಅಂದ್ರೆ ಬಸ್ಸಿನಲ್ಲಿ ಸೊಂಟ ಮುರಿಸಿಕೊಳ್ಳೋದೇ. ಕಮಲಾಪುರ, ಹುಮನಾಬಾದ್ ದಾಟಿ, ಶೇಂಗಾ ತಿನ್ನುತ್ತಾ ಹೋದೆವು.

ಬೀದರಿನ ಹಳೇ ಕಾವಲು ಗೋಪುರ ಚೌಬಾರಾ ಹತ್ತಿರದ ಒಂದು ಓಣಿ. ಸಣ್ಣ ಕೋಣೆ, ನೆಲದ ಮೇಲೆ ನಾಲ್ಕು ಜನ. ಅವರಲ್ಲಿ ಹಿರಿಯರನ್ನ ಚಾಚಾ ಅಂತಲೇ ಕರೆದೆ. 2023ರಲ್ಲಿ ಇದೇ ಊರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತಲ್ಲ, ಆಮೇಲೆ ನೋಡೋಕೆ ಬರೋರು ಜಾಸ್ತಿ ಆಗ್ಯಾರ ಅಂದರು. ಕೊಳ್ಳೋರು? "ಅಷ್ಟೇ ಇದ್ದಾರ ಬೇಟಾ."

ನಾನು ಸೀರೆಯ ತುಂಡು ತೆಗೆದು ಕೊಟ್ಟೆ. ಅವರು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದು ಲೆಕ್ಕದ ಕೆಲಸ, ನಮ್ಮದು ಕೈ ಅಂದಾಜಿನ ಕೆಲಸ. ಸೂಜಿ ಹೋದಂಗ ಉಳಿ ಹೋಗಂಗಿಲ್ಲ. ಆದ್ರೂ ನೋಡೋಣ" ಅಂದರು.

ಡಬ್ಬಿಯ ಲೋಹ ಸತುವು ಮತ್ತು ತಾಮ್ರ ಬೆರೆಸಿದ್ದು. ಸತುವು 16 ಪಾಲು ಇದ್ದರೆ ತಾಮ್ರ 1 ಪಾಲು. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ತಿಕ್ಕಿ ನುಣ್ಣಗೆ ಮಾಡಿಟ್ಟ ಡಬ್ಬಿಗಳು ಒಂದು ಬುಟ್ಟಿ ತುಂಬ ಇದ್ದವು. ಬೂದಿ ಬಣ್ಣ, ನೋಡೋಕೆ ಏನೂ ಚೆಂದ ಇಲ್ಲ. ಒಂದನ್ನ ತೆಗೆದು ಮೈಲುತುತ್ತದ ನೀರು ಸವರಿದರು. ಅದು ತಾತ್ಕಾಲಿಕವಾಗಿ ಕಪ್ಪಾಯ್ತು. ಗೀರಿದ ಗೆರೆ ಎದ್ದು ಕಾಣಲಿ ಅಂತ ಹಾಗೆ ಮಾಡ್ತಾರೆ. ಆಮೇಲೆ ಚೂಪಾದ ಮೊನೆಯಿಂದ, ಅಳತೆಯಿಲ್ಲ, ಸ್ಕೇಲ್ ಇಲ್ಲ, ಸುಮ್ನೆ ಗೋಪುರ ಗೀಚಿದರು. ಮೂರು ಅಂತಸ್ತು, ಮೇಲೊಂದು ಕಳಸ. ಪಕ್ಕದ ಹುಡುಗ ಆ ಗೆರೆಗಳನ್ನ ಸಣ್ಣ ಉಳಿಯಿಂದ ಕೊರೆದ. ಕೊರೆದ ಸಂದಿಗೆ ಕೂದಲಷ್ಟು ತೆಳುವಾದ ಬೆಳ್ಳಿ ತಂತಿ ಇಟ್ಟು, ಟಿಕ್ ಟಿಕ್ ಅಂತ ಬಡಿದು ಕೂಡಿಸಿದ. ತಾರ್‌ಕಶಿ ಅಂತಾರೆ ಇದಕ್ಕೆ. ಅವನು ಉಸಿರು ಬಿಗಿ ಹಿಡಿದು ಬಡೀತಿದ್ದ, ನೋಡ್ತಾ ನೋಡ್ತಾ ನಾನೂ ಉಸಿರು ಹಿಡಿದಿದ್ದೆ.

ಮತ್ತೆ ತಿಕ್ಕಿದ ಮೇಲೆ ಮೊದಲಿನ ಕಪ್ಪು ಹೋಗಿ ಡಬ್ಬಿ ಮತ್ತೆ ಬೂದಿ ಬಣ್ಣಕ್ಕೆ ಬಂತು. ಬೆಳ್ಳಿ ಗೋಪುರ ಅದರಲ್ಲಿ ಕಳೆದೇ ಹೋಯ್ತು. ಬೂದಿ ಮೇಲೆ ಬಿಳುಪು, ಏನು ಕಾಣಬೇಕು? ನನಗೆ ಸ್ವಲ್ಪ ನಿರಾಸೆ ಆಯ್ತು. ವೈನಿ ನನ್ನ ಮೊಣಕೈ ತಿವಿದು, "ಇಷ್ಟೇನಾ?" ಅನ್ನೋ ಹಾಗೆ ನೋಡಿದರು.

ಆಗ ಚಾಚಾ ಒಂದು ಡಬ್ಬದಿಂದ ಮಣ್ಣು ತೆಗೆದರು. ಬೀದರ್ ಕೋಟೆಯ ಮಣ್ಣು. ವರ್ಷಗಟ್ಟಲೆ ಬಿಸಿಲು ಮಳೆ ಬೀಳದ ಜಾಗದ್ದು. ಚಿಟಿಕೆಯಷ್ಟು ನಾಲಿಗೆ ಮೇಲೆ ಇಟ್ಟು ರುಚಿ ನೋಡಿ, ತಲೆಯಾಡಿಸಿ, ನವಸಾಗರ ಅನ್ನೋ ಉಪ್ಪಿನ ಜೊತೆ ನೀರಲ್ಲಿ ಕಲಸಿದರು. ಡಬ್ಬಿಯನ್ನ ಸ್ವಲ್ಪ ಕಾಯಿಸಿ ಆ ಮಣ್ಣನ್ನ ಬಳಿದರು. ತೊಳೆದು, ಕೊಬ್ಬರಿ ಎಣ್ಣೆ ಸವರಿ, ಬಟ್ಟೆಯಿಂದ ಒರೆಸಿ ನನ್ನ ಅಂಗೈಯಲ್ಲಿ ಇಟ್ಟರು.

ಕಾಡಿಗೆ ಕಪ್ಪು. ಅದರ ಮೇಲೆ ಗೋಪುರ ಈಗ ತಾನೇ ಬರೆದ ಹಾಗೆ ಬೆಳ್ಳಗೆ. ಮಣ್ಣು ಸತುವನ್ನ ಕಪ್ಪು ಮಾಡಿತ್ತು, ಬೆಳ್ಳಿಯನ್ನ ಮುಟ್ಟಿರಲಿಲ್ಲ.

"ಎರಡು ಶೇಡ್ ಇಳಿಸ್ಯಾರ" ಅಂದರು ವೈನಿ. ಇಬ್ಬರೂ ಅಲ್ಲೇ ಜೋರಾಗಿ ನಕ್ಕುಬಿಟ್ಟೆವು. ಚಾಚಾಗೆ ಏನೂ ಅರ್ಥ ಆಗದೆ ಅವರೂ ನಕ್ಕರು.

ಒಂದಕ್ಕೆ 900 ರೂಪಾಯಿ, 60 ಡಬ್ಬಿಗೆ 54,000. ಚೌಕಾಸಿ ಮಾಡೋಕೆ ಮನಸ್ಸು ಬರಲಿಲ್ಲ. ಈ ದುಡ್ಡು ಎಲ್ಲಿಂದ ಬಂತು ಅಂದ್ರೆ, ಸ್ಟೇಜ್ ಹೂವಿನ ಲೆಕ್ಕದಿಂದ ಕಿತ್ತದ್ದು. ವಾಪಸ್ ರೈಲಿಗೆ ಹೊತ್ತಿತ್ತು ಅಂತ ಕೋಟೆಗೆ ಹೋದೆವು. ರಂಗೀನ್ ಮಹಲ್ ಒಳಗೆ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂಡಿಸಿರೋ ಕೆಲಸ ಇದೆ, ಬರೀದಶಾಹಿ ಕಾಲದ್ದು. ವೈನಿ ಅದನ್ನ ನೋಡಿ, "ನೀ ಒಬ್ಬಾಕಿನೇ ಅಲ್ಲ ಬಿಡು, ಸುಲ್ತಾನರಿಗೂ ಕರೀ ಮ್ಯಾಲೇ ಮನಸಿತ್ತು" ಅಂದರು. 412 ಫೋಟೋ ಫೋಲ್ಡರ್‌ಗೆ ಅವತ್ತು ಒಂದೇ ಫೋಟೋ ಸೇರಿಸಿದೆ. ಆಮೇಲೆ ಉಳಿದದ್ದನ್ನ ಅಳಿಸುತ್ತಾ ಬಂದೆ.

ಲಗ್ನಪತ್ರಿಕೆ ಬಗ್ಗೆ ಜಾಸ್ತಿ ಹೇಳೋಕೆ ನಾಚಿಕೆ. ದಪ್ಪ ಹಾಳೆ, ಕಪ್ಪು ಅಕ್ಷರ, ಮೇಲೆ ಕಸೂತಿಯ ಗೋಪುರ, ಬೇರೆ ಏನೂ ಇಲ್ಲ. ಅಪ್ಪನ ಹಳೇ ಗೆಳೆಯರಿಗೆ ಅಂತ ಹಿಂದಿನ ಪುಟದಲ್ಲಿ ಉರ್ದುವಿನಲ್ಲೂ ಹಾಕಿಸಿದೆವು. ಚೆಂದ ಬಂದಿತ್ತು. 300 ಹಂಚಿ ಆದ ಮೇಲೆ ಕಾಕಾ ಫೋನ್ ಮಾಡಿ, "ಅಕ್ಕಿಕಾಳು ಎಷ್ಟಕ್ಕಂತ ಹಾಕೀರಿ ಸರಿ, ಆದ್ರ ಇದು 'ಅಕಿಕಾಳು' ಅಂತದಲ್ಲ?" ಅಂದರು. ಪ್ರೆಸ್ಸಿನ ಕಂಪ್ಯೂಟರ್ ಕ ಒತ್ತನ್ನ ನುಂಗಿತ್ತು. ಪ್ರೂಫ್ ನೋಡಿ ಸಹಿ ಹಾಕಿದ್ದು ನಾನೇ, ಯಾರನ್ನ ಬೈಯೋದು? ಉಳಿದ 200ಕ್ಕೆ ನಾನು, ಅಣ್ಣ, ವೈನಿ ಕೂತು ಕಪ್ಪು ಪೆನ್ನಿನಲ್ಲಿ ಒತ್ತು ಕೊಟ್ಟೆವು.

ಡೆಕೋರೇಟರ್ ಒಳ್ಳೆ ಮನುಷ್ಯ, ಆದರೆ ಬಾಯಿ ಬಿಟ್ಟರೆ 'ರಾಯಲ್ ಲುಕ್'. ಪ್ಲಾಸ್ಟಿಕ್ ಹೂವು, ಬಂಗಾರ ಬಣ್ಣದ ಸಿಂಹಾಸನ. ನಾನು ಕೇಳಿದ್ದು ಮೂರೇ: ಹಸಿ ಗರಿಯ ಹಂದರ, ಕಂಬಕ್ಕೆ ಜೋಳದ ತೆನೆಯ ಗೊಂಚಲು, ಬಾಗಿಲಲ್ಲಿ ಒಂದು ದೊಡ್ಡ ಶಹಾಬಾದ್ ಕಲ್ಲು, ಅದರ ಮೇಲೆ ಸುಣ್ಣದಲ್ಲಿ ನಮ್ಮಿಬ್ಬರ ಹೆಸರು. "ಮೇಡಂ, ಅದು ಬಚ್ಚಲಿಗಿ ಹಾಕೋ ಕಲ್ಲರೀ" ಅಂದ ಪಾಪ. ಕಲ್ಲು ತೊಳೆದು ಸ್ವಲ್ಪ ಎಣ್ಣೆ ಹಚ್ಚಿದ ಮೇಲೆ ಅವನೇ ಅದರ ಮುಂದೆ ನಿಂತು ಸೆಲ್ಫಿ ತಗೊಂಡ. ಜೋಳದ ತೆನೆ ಮಾತ್ರ ತಪ್ಪಾಯ್ತು, ಮಧ್ಯಾಹ್ನದ ಹೊತ್ತಿಗೆ ಊರಿನ ಗುಬ್ಬಿಯೆಲ್ಲ ಹಂದರದಲ್ಲಿತ್ತು, ಕೆಳಗೆ ಕೂತ ಹಿರಿಯರು ತಲೆ ಮೇಲೆ ಟವೆಲ್ ಹಾಕಿಕೊಂಡರು.

ಊಟ ನಮ್ಮ ಕಡೆಯದ್ದೇ. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಹೂರಣದ ಹೋಳಿಗೆ, ಬೇಕಾದಷ್ಟು ಮಜ್ಜಿಗೆ. ಎಲೆ ತುದಿಗೆ ಒಂದೊಂದು ಕಮಲಾಪುರದ ಕೆಂಪು ಬಾಳೆಹಣ್ಣು. ಬೆಂಗಳೂರಿನಿಂದ ಬಂದ ನನ್ನ ಗೆಳತಿಯರು ಸ್ಟೇಜಿಗಿಂತ ಆ ಬಾಳೆಹಣ್ಣಿನ ಫೋಟೋ ತೆಗೆದದ್ದೇ ಜಾಸ್ತಿ.

ಡಬ್ಬಿಗಳು ಲಗ್ನಕ್ಕೆ ನಾಲ್ಕು ದಿನ ಮೊದಲು ಬರಬೇಕಿತ್ತು. ತಂತಿ ಕೂಡಿಸೋ ಹುಡುಗನಿಗೆ ಜ್ವರ. ಹಿಂದಿನ ರಾತ್ರಿ 44 ಬಂದವು, 16 ಬಾಕಿ. ಸುರಗಿಗೆ ನಾಲ್ಕು ಮೂಲೆಗೆ ಕೊಡ ಇಟ್ಟು ನೂಲು ಸುತ್ತಿ, ನನ್ನನ್ನ ನಡುವೆ ಕೂರಿಸಿ ನೀರು ಹಾಕ್ತಿದ್ದಾರೆ, ನಾನು ಮನಸ್ಸಲ್ಲೇ ಯಾರಿಗೆ ಕೊಡೋದು ಯಾರಿಗೆ ಬಿಡೋದು ಅಂತ ಎಣಿಸ್ತಿದ್ದೆ. ಮೊದಲನೇದು ಆಯಿಗೆ ಕೊಟ್ಟೆ. ಅಜ್ಜ ಹೋಗಿ ಹನ್ನೊಂದು ವರ್ಷ ಆಯ್ತು. "ಕುಂಕುಮದ ಡಬ್ಬಿ ನನಗ್ಯಾಕವ್ವ" ಅಂದಳು. ಮುಚ್ಚಳದ ಗೋಪುರವನ್ನ ಹೆಬ್ಬೆರಳಿನಿಂದ ಸವರಿದಳು, ಕಣ್ಣು ಕಿರಿದು ಮಾಡಿ ಅಂತಸ್ತು ಎಣಿಸಿದಳು. "ಲವಂಗ ಇಡ್ಲಾಕ ಛಲೋ ಆಗ್ತದ" ಅಂತ ತನ್ನ ಎಲೆ-ಅಡಿಕೆಯ ಬಾಳೆಕಾಯಿ ಚೀಲದೊಳಗೆ ಇಳಿಸಿಕೊಂಡಳು.

ಸಂಜೆ ಕಪ್ಪು ಸೀರೆ. ಮೇಕಪ್‌ಗೆ ಬೇರೆ ಹುಡುಗಿ ಸಿಕ್ಕಿದ್ದಳು, ಮೊದಲು ನನ್ನ ಕುತ್ತಿಗೆ ನೋಡಿ ಆಮೇಲೆ ಡಬ್ಬಿ ತೆರೆದಳು. ಕಾಡಿಗೆ, ಕುಂಕುಮ, ಬೋರಮಾಳ, ಗುಳದಾಳಿ, ಕೈತುಂಬ ಹಸಿರು ಬಳೆ. ನಿಜ ಹೇಳಬೇಕಂದ್ರೆ ಮೇ ತಿಂಗಳಲ್ಲಿ ಕಪ್ಪು ರೇಷ್ಮೆ ಉಡೋದು ಹುಚ್ಚುತನ. ನಡುವೆ ಹತ್ತು ನಿಮಿಷ ಕರೆಂಟ್ ಹೋಗಿ ಫ್ಯಾನ್ ನಿಂತಾಗ ನನಗೆ ಪೇಸ್ಟಲ್ ಬಣ್ಣದವರ ಬಗ್ಗೆ ಅಸೂಯೆ ಬಂತು. ಫೋಟೋಗ್ರಾಫರ್ ಇಡೀ ಸಂಜೆ ಗೊಣಗಿದ, "ಕರೀ ಸೀರಿ ಬೆಳಕ ತಿಂತದ್ರಿ". ಅವನ ಮಾತೂ ಸುಳ್ಳಲ್ಲ, ಆಲ್ಬಮ್‌ನ ಅರ್ಧ ಫೋಟೋದಲ್ಲಿ ಸೀರೆ ಇರೋ ಜಾಗದಲ್ಲಿ ಒಂದು ಕತ್ತಲೆ ಇದೆ. ಒಂದೇ ಒಂದು ಚೆನ್ನಾಗಿ ಬಂದಿದೆ. ನಾನು ಬೆನ್ನು ತಿರುಗಿಸಿ ಯಾರನ್ನೋ ಮಾತಾಡಿಸ್ತಿದ್ದೀನಿ, ಬೆನ್ನ ಮೇಲೆ ತೇರು, ಗಾಲಿ ಸೊಟ್ಟ ಇರೋದೂ ಕಾಣುತ್ತೆ. ಅತ್ತಿ ನನ್ನ ಪಕ್ಕ ನಿಂತು ಸೆರಗು ಹಿಡಿದು ನೋಡಿ, "ನಮ್ಮವ್ವನ ಕಡೆ ಇಂಥದ್ದೊಂದಿತ್ತು, ಯಾರ ಒಯ್ದ್ರೋ" ಅಂದರು. 'ಬಿಡ್ರಿ'ಯ ಅರ್ಥ ಅಲ್ಲಿಗೆ ಮುಗೀತು.

ಮರುದಿನ ಮಧ್ಯಾಹ್ನ ಭಾಲ್ಕಿ. ಹೊಸ್ತಿಲಲ್ಲಿ ನಾದಿನಿ ಎರಡೂ ಕೈ ಅಡ್ಡ ಹಾಕಿ ನಿಂತಳು. ಒಡಪು ಹೇಳಿ ಗಂಡನ ಹೆಸರು ಹೇಳದೆ ಒಳಗೆ ಬಿಡಲ್ಲ. ಅವ್ವ ಕಲಿಸಿ ಕಳಿಸಿದ್ದ ಒಡಪು ಎರಡಿತ್ತು, ತುಳಸಿಕಟ್ಟಿಯದ್ದೊಂದು, ಬೆಳ್ಳಿ ತಾಟಿನದ್ದೊಂದು. ಆ ಬಿಸಿಲಿಗೆ ಎರಡೂ ಆವಿಯಾಗಿ ಹೋದವು. ಬಾಯಿಗೆ ಬಂದದ್ದನ್ನ ಹೇಳಿದೆ.

"ಬೀದರ ಕ್ವಾಟಿ ಮಣ್ಣಾಗ ಬಿದ್ರಿ ಡಬ್ಬಿ ಕರ್ರಗಾಗ್ಯಾದ,
ಕರ್ರಗಾದಷ್ಟು ಅದರಾಗಿನ ಬೆಳ್ಳಿ ಎಳಿ ಬೆಳ್ಳಗಾಗ್ಯಾದ,
ಅಂಗಳದ ಕಲ್ಲ ಕಾದು ನನ್ನ ಕಾಲ ಸುಡ್ಲತ್ತದ, ಬಾಗಿಲ ಬಿಡ್ರಿ..."

ಆಮೇಲೆ ಹೆಸರು. (ಅದನ್ನ ಇಲ್ಲಿ ಬರೆಯಲ್ಲ. ಹೆಸರು ಬೇಕಾದರೆ ಮತ್ತೊಂದು ಒಡಪು ಕಟ್ಟಬೇಕಾಗುತ್ತೆ.)

ಹೆಣ್ಮಕ್ಕಳೆಲ್ಲ ಹೋ ಅಂದರು. ನಾದಿನಿ ಮಾತ್ರ ಕೈ ತೆಗೆಯಲಿಲ್ಲ.

"ಒಡಪೇನೋ ಛಲೋ ಅದ ವೈನಿ. ನನ್ನ ಡಬ್ಬಿ ಎಲ್ಲದ?"